ಲಾಭ ಯಾರಿಗೆ, ವೆಚ್ಚ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ನಿಮ್ಮಲ್ಲಿ ಅರ್ಥಶಾಸ್ತ್ರ ತಗೊಂಡವರು ಬಹಳ ಜನ ಇದ್ದೀರಿ. ಸಾರ್ವಜನಿಕ ಸರಕು ಎಂದರೇನು ಅಂತ ಕೇಳಿದರೆ ಉತ್ತರ ಬಾಯಿಪಾಠ. ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಮ್ಮಿ ಆಗಬಾರದು, ಯಾರನ್ನೂ ಹೊರಗಿಡಲು ಬರಬಾರದು. ಬೀದಿ ದೀಪದ ಹಾಗೆ. ಇದರಲ್ಲಿ ಮೊದಲ ಮಾತನ್ನು ಅಮೆರಿಕದ ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲಿ ಗಣಿತದ ಸೂತ್ರವಾಗಿ ಬರೆದರು.

ಈ ಉತ್ತರ ಹಿಡಿದುಕೊಂಡು ಮಹಾಡಕ್ಕೆ ಹೋಗೋಣ. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೊಂಬಾಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. 1924ರಲ್ಲಿ ಮಹಾಡ ಮುನಿಸಿಪಾಲಿಟಿ ಚೌದಾರ್ ಕೆರೆಯನ್ನು ತೆರೆಯಿತು, ಕಾಗದದ ಮೇಲೆ. ದನ ಕುಡೀತಿದ್ದವು, ನಮ್ಮವರು ಕುಡಿಯೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ನಮ್ಮವರ ಮೇಲೆ ಹೊಡೆತ ಬಿತ್ತು. ಆಮೇಲೆ ಸವರ್ಣೀಯರು ಸಗಣಿ, ಗಂಜಳ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು! ತುಂಬಿದ ಕೆರೆಯಿಂದ ಬೊಗಸೆ ನೀರು ತಗೊಂಡರೆ ಯಾರಿಗೂ ಕಮ್ಮಿ ಆಗಲ್ಲ ಅನ್ನುತ್ತೆ ಪುಸ್ತಕ. ಕೆರೆಯೇ ಕೆಟ್ಟುಹೋಯ್ತು ಅಂದರು ಅವರು. ಹೈಕೋರ್ಟು ನಮ್ಮ ಪರ ತೀರ್ಪು ಕೊಡುವಾಗ 1937 ಆಗಿತ್ತು. ಹೊರಗಿಡಲು ಬರುತ್ತೋ ಇಲ್ಲವೋ ಅನ್ನೋದನ್ನು ದಂಡೆಯ ಮೇಲೆ ದೊಣ್ಣೆ ಹಿಡಿದು ನಿಂತವನು ತೀರ್ಮಾನಿಸುತ್ತಿದ್ದ. ಪುಸ್ತಕದವರು ಆ ದೊಣ್ಣೆಯನ್ನು ಕಂಡಿಲ್ಲ. ಬಾಬಾಸಾಹೇಬರು ಕಂಡಿದ್ದರು, ಅವರೂ ಲಂಡನ್ನಿನಲ್ಲಿ ಅರ್ಥಶಾಸ್ತ್ರಕ್ಕೇ ಡಿ.ಎಸ್ಸಿ. ಪಡೆದವರು.

ಇನ್ನು ಲಾಭ-ವೆಚ್ಚದ ಲೆಕ್ಕ. ಅಮೆರಿಕದ 1936ರ ಪ್ರವಾಹ ನಿಯಂತ್ರಣ ಕಾಯಿದೆ ಇದಕ್ಕೊಂದು ದಾರಿ ಹಾಕಿತು. ಲಾಭ ಯಾರಿಗೇ ಹೋಗಲಿ, ವೆಚ್ಚಕ್ಕಿಂತ ಹೆಚ್ಚಿದ್ದರೆ ಸರ್ಕಾರ ಕಾಮಗಾರಿಗೆ ಕೈಹಾಕಬಹುದು. 'ಯಾರಿಗೇ ಹೋಗಲಿ' ಅನ್ನೋದರ ಕೆಳಗೆ ಗೆರೆ ಎಳೆದುಕೊಳ್ಳಿ. 1939ರಲ್ಲಿ ಕಾಲ್ಡಾರ್, ಹಿಕ್ಸ್ ಅನ್ನುವ ಇಂಗ್ಲೆಂಡಿನ ಪಂಡಿತರು ಇನ್ನೊಂದು ಹೆಜ್ಜೆ ಹೋದರು. ಗೆದ್ದವರಿಗೆ 100 ರೂಪಾಯಿ ಲಾಭ, ಸೋತವರಿಗೆ 80 ನಷ್ಟ ಅನ್ನಿ. ಗೆದ್ದವರು 80 ಕೊಟ್ಟರೂ 20 ಉಳಿಯುತ್ತೆ, ಆದ್ದರಿಂದ ಕೆಲಸ ಒಳ್ಳೆಯದು. ಕೊಡಲೇಬೇಕು ಅಂತಿಲ್ಲ. ಕೊಡಬಲ್ಲರು ಅಂದರೆ ಸಾಕು!

ಈ 'ಕೊಡಬಲ್ಲರು' ನಮ್ಮ ಮನೆಗಳಿಗೆ ಗೊತ್ತು. ಒಳಚರಂಡಿ ಕಟ್ಟಿಕೊಳ್ಳದೆ ಹರಿದರೆ ಊರಿಗೆಲ್ಲ ಆರೋಗ್ಯ. ಕಾಲರಾ ಬರದಿದ್ದರೆ ಕಂದಾಯ ಕಟ್ಟಿದವನಿಗೂ ಲಾಭ, ಕಟ್ಟದವನಿಗೂ ಲಾಭ. ಇದಕ್ಕಿಂತ ಸಾರ್ವಜನಿಕ ಸರಕು ಬೇಕೆ? ಲೆಕ್ಕದ ಹಾಳೆಯಲ್ಲಿ ಪೈಪು, ಸಿಮೆಂಟು, ಮೆಷಿನ್ನು, ಡೀಸೆಲ್ಲು ಎಲ್ಲಕ್ಕೂ ಕಾಲಂ ಇರುತ್ತೆ. ಮ್ಯಾನ್‌ಹೋಲಿಗೆ ಇಳಿದವನ ಉಸಿರಿಗೆ ಇರಲ್ಲ. ಅವನು ಕಂಟ್ರಾಕ್ಟರನ ಆಳು. ಸತ್ತರೆ ಆ ವೆಚ್ಚ ಹೆಂಡತಿ ಮಕ್ಕಳದು. ಹೀಗೆ ಬರೆದ ಹಾಳೆಯಲ್ಲಿ ಮೆಷಿನ್ ದುಬಾರಿಯಾಗಿ, ಮನುಷ್ಯ ಅಗ್ಗವಾಗಿ ಕಾಣದೆ ಇನ್ನೇನು? ರಕ್ಷಣೆಯ ಸಾಮಾನಿಲ್ಲದೆ ಇಳಿಸಬಾರದು ಅಂತ 2013ರ ಕಾಯಿದೆ ಇದೆ. ಇಳಿಸುತ್ತಲೇ ಇದ್ದಾರೆ.

ಸುಪ್ರೀಂ ಕೋರ್ಟು 2014ರಲ್ಲಿ, 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ಕೊಡಿ ಎಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪ್ರಾಣಕ್ಕೆ ಬೆಲೆ ಕಟ್ಟೋದೇ ಅವಮಾನ ಅನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಲೆ ಬರೆಯದ ಕಡೆಯೆಲ್ಲ ಆ ಹಾಳೆ ಸೊನ್ನೆ ಅಂತಲೇ ಓದಿಕೊಂಡು ಬಂದಿದೆ. 30 ಲಕ್ಷ ಪ್ರತಿ ಸಾವಿಗೂ ನಿಜವಾಗಿ ವಸೂಲಾಗಲಿ, ಮೆಷಿನ್ನೇ ಅಗ್ಗ ಅಂತ ಮುನಿಸಿಪಾಲಿಟಿ ಗುಮಾಸ್ತನೇ ಬರೀತಾನೆ. ವಸೂಲಾಗದಿದ್ದರೆ ಅದೂ ಕಾಲ್ಡಾರ್ ಸಾಹೇಬರ 'ಕೊಡಬಲ್ಲರು' ಆಗಿ ಉಳಿಯುತ್ತೆ.

ರಜಕ್ಕೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ಹೀಗೆ ಸಾವಾದ ಮನೆ ಇದೆಯಾ ವಿಚಾರಿಸಿ. ಹಣ ಬಂದಿಲ್ಲ ಅಂದರೆ ಜಿಲ್ಲಾಧಿಕಾರಿಗೆ ಅರ್ಜಿ ನೀವೇ ಬರೆದುಕೊಡಿ, ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.