ಆವಿಯಲ್ಲಿ ಅಡಗಿರುವುದೇನು?



ಕೆಲವು ದಿನಗಳ ಕೆಳಗೆ ನನ್ನ ತರಗತಿಯ ಹುಡುಗನೊಬ್ಬನ ಕಂಪಾಸು ಪೆಟ್ಟಿಗೆಯಲ್ಲಿ ಬಣ್ಣದ ಪೆನ್ನಿನಂತಹ ವಸ್ತುವೊಂದು ಸಿಕ್ಕಿತು. ಮೂಗಿನ ಬಳಿಗೆ ತಂದರೆ ಮಾವಿನ ಹಣ್ಣಿನ ವಾಸನೆ. “ಇದರಲ್ಲಿ ಹೊಗೆಯಿಲ್ಲ ಸಾರ್, ಬರಿಯ ಆವಿ. ಒಳಗಿರುವುದೆಲ್ಲ ತಿನ್ನುವ ಪದಾರ್ಥವೇ” ಎಂದ ಹುಡುಗ. ಅದು ಇ-ಸಿಗರೇಟು. ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು ಅಪಾಯಕರ. ಆದುದರಿಂದ ಆ ದ್ರವದಲ್ಲಿ ಏನೇನಿದೆಯೆಂಬುದನ್ನು ತಮ್ಮ ಮುಂದೆ ಬಿಡಿಸಿಡುತ್ತೇನೆ.

ಅದರಲ್ಲಿ ಸಾಮಾನ್ಯವಾಗಿ ನಾಲ್ಕು ವಸ್ತುಗಳುಂಟು. ಮೊದಲನೆಯದು ಪ್ರೊಪಿಲೀನ್ ಗ್ಲೈಕಾಲ್. ಔಷಧಗಳಲ್ಲಿ, ಆಹಾರದಲ್ಲಿ ಸ್ವಲ್ಪ ಬೆರೆಸುತ್ತಾರೆ. ರಂಗದ ಮೇಲೆ ಕೃತಕ ಮಂಜು ಹಬ್ಬಿಸಲೂ ಬಳಸುತ್ತಾರೆ. ಎರಡನೆಯದು ಗ್ಲಿಸರಿನ್. ‘ಸಿಹಿ’ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರಿದು. ದಟ್ಟವಾದ ಬಿಳಿಯ ಮೋಡವೇಳುವುದು ಇದರಿಂದಲೇ. ಮೂರನೆಯದು ಸುವಾಸನೆಯ ರಾಸಾಯನಿಕಗಳು. ನಾಲ್ಕನೆಯದು ನಿಕೋಟಿನ್, ಹೊಗೆಸೊಪ್ಪಿನ ಸತ್ತ್ವ. ಚಟ ಹಿಡಿಸುವುದು ಇದೇ. ನಮ್ಮ ರೈತರು ಹೊಗೆಸೊಪ್ಪಿನ ಕಷಾಯ ಸಿಂಪಡಿಸಿ ಗಿಡದ ಹುಳುಗಳನ್ನು ಕೊಲ್ಲುವುದೂ ಈ ವಿಷದ ಬಲದಿಂದಲೇ.

‘ಧೂಮಪಾನ’ವೆಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ಪಾನವೆಂದರೆ ಕುಡಿಯುವುದು. ಕುಡಿದದ್ದು ಹೊಟ್ಟೆಗೆ ಸೇರುತ್ತದೆ. ಅಲ್ಲಿ ಜೀರ್ಣಶಕ್ತಿಯುಂಟು, ಯಕೃತ್ತಿನ ಕಾವಲುಂಟು. ಸೇದಿದ್ದು ಸೇರುವುದು ಶ್ವಾಸಕೋಶಕ್ಕೆ. ಅದು ಗಾಳಿಗೆಂದೇ ಇರುವ ಮನೆ.

ಬೆಣ್ಣೆಯ ಘಮಕ್ಕೆ ಕಾರಣವಾದ ಡೈಅಸಿಟೈಲ್ ಆಹಾರದಲ್ಲಿದ್ದರೆ ಯಾರೂ ಹೆದರಬೇಕಾಗಿಲ್ಲ. ಆದರೆ ಅಮೆರಿಕೆಯ ಮಿಸ್ಸೂರಿ ಪ್ರಾಂತದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಆವಿಯನ್ನು ಉಸಿರಾಡಿದ ಎಂಟು ಮಂದಿ ಕೆಲಸಗಾರರಿಗೆ ಶ್ವಾಸಕೋಶದ ಕಿರುನಾಳಗಳು ಮುಚ್ಚಿಹೋಗುವ ರೋಗ ತಗಲಿದ್ದುದು 2000ದಲ್ಲಿ ಬೆಳಕಿಗೆ ಬಂತು. ಅದೇ ವಸ್ತು ಇ-ಸಿಗರೇಟಿನ ಹಲವು ದ್ರವಗಳಲ್ಲಿಯೂ ದೊರೆತಿದೆ.

ಇದರ ಮೇಲೆ ಕಾವು ಬೇರೆ. ಬ್ಯಾಟರಿಯಿಂದ ಕಾದ ತಂತಿ ದ್ರವವನ್ನು ಕಾಯಿಸಿದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ಹೊಸ ವಸ್ತುಗಳು ಹುಟ್ಟುತ್ತವೆ. ಬಾಣಲೆಯ ಎಣ್ಣೆ ಸೀದಾಗ ಕಣ್ಣು ಮೂಗು ಉರಿಸುವುದು ಈ ಅಕ್ರೋಲಿನ್ನೇ.

ಸುಡುವ ಸಿಗರೇಟಿನ ಟಾರು ಇದರಲ್ಲಿಲ್ಲವೆಂಬುದು ನಿಜ. ಆದರೆ ಬೀಡಿಯನ್ನೇ ಮುಟ್ಟದ ಮಗುವಿಗೆ ಆ ಹೋಲಿಕೆಯಿಂದ ಬಂದ ಲಾಭವೇನು? ಕರ್ನಾಟಕದಲ್ಲಿ 2016ರಲ್ಲಿಯೂ ಭಾರತದಾದ್ಯಂತ 2019ರಲ್ಲಿಯೂ ಇದರ ಮಾರಾಟ ನಿಷಿದ್ಧವಾಯಿತು. ಕದ್ದು ಮಾರುವ ಸರಕಿನ ಚೀಟಿಯಲ್ಲಿ ಬರೆದದ್ದೇ ಒಳಗಿದೆಯೆಂದು ನಂಬುವ ಬಗೆ ಹೇಗೆ?

ಆ ಹುಡುಗನಿಗೆ ನಾನು ಹೊಡೆಯಲಿಲ್ಲ. ಪ್ರಯೋಗಶಾಲೆಗೆ ಕರೆದೊಯ್ದು, ಶೀಶೆಯಲ್ಲಿ ಕೆಡದಂತಿಟ್ಟಿರುವ ಕಪ್ಪೆಯನ್ನು ತೋರಿಸಿದೆ. “ಇದನ್ನು ಮುಳುಗಿಸಿಟ್ಟಿರುವುದು ಫಾರ್ಮಾಲಿನ್‌ನಲ್ಲಿ, ಎಂದರೆ ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್‌ನಲ್ಲಿ. ಅದೇ ನಿನ್ನ ಆವಿಯಲ್ಲಿಯೂ ಅಷ್ಟಿಷ್ಟು ಹುಟ್ಟುತ್ತದಪ್ಪಾ” ಎಂದೆ. ಬಹಳ ಹೊತ್ತು ನೋಡುತ್ತ ನಿಂತಿದ್ದ.

ಮನೆಯಲ್ಲಿ ಹಣ್ಣಿಲ್ಲದೆ ಹಣ್ಣಿನ ವಾಸನೆ ಬಂದರೆ, ಗದರಿಸುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿ.