ಹೆಸರುಳ್ಳ ಮಾನಗಳು, ಹೆಸರಿಲ್ಲದ ಮಾನಗಳು

ಬಲ್ಬು ಕೊಳ್ಳುವಾಗ ನೀವು ಎಷ್ಟು ವ್ಯಾಟಿನದು ಎಂದು ಕೇಳುತ್ತೀರಿ. ಬಸ್ಸಿನ ವೇಗವನ್ನು ಹೇಳಬೇಕಾದರೆ ‘ಗಂಟೆಗೆ ಇಷ್ಟು ಕಿಲೋಮೀಟರು’ ಎಂದು ಬಿಡಿಸಿಯೇ ಹೇಳುತ್ತೀರಿ. ಒಂದು ಮಾನಕ್ಕೆ ಹೆಸರುಂಟು, ಇನ್ನೊಂದಕ್ಕಿಲ್ಲ. ಈ ಪಂಕ್ತಿಭೇದ ಏಕೆ?

ಉದ್ದಕ್ಕೆ ಮೀಟರು, ಕಾಲಕ್ಕೆ ಸೆಕೆಂಡು, ಹೀಗೆ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೂಲಮಾನಗಳು ೭. ಉಳಿದವೆಲ್ಲ ಇವನ್ನು ಗುಣಿಸಿ, ಭಾಗಿಸಿ ಪಡೆದವು. ಅವುಗಳಲ್ಲಿ ವಿಶೇಷ ಹೆಸರು ಪಡೆದವು ೨೨ ಮಾತ್ರ. ವೇಗದ ಮಾನ ಚಿಕ್ಕದು. ಅಳೆಯುವ ಬಗೆಯನ್ನು ತಾನೇ ಹೇಳುತ್ತದೆ. ವೋಲ್ಟಿನ ಮಾತು ಹಾಗಲ್ಲ. ಅದನ್ನು ಬಿಡಿಸಿ ಹೇಳಬೇಕಾದರೆ ಕಿಲೋಗ್ರಾಮನ್ನು ಮೀಟರಿನ ವರ್ಗದಿಂದ ಗುಣಿಸಿ, ಸೆಕೆಂಡಿನ ಘನದಿಂದಲೂ ಆಂಪೇರಿನಿಂದಲೂ ಭಾಗಿಸಬೇಕು! ಅಂಗಡಿಯಲ್ಲಿ ಇಷ್ಟೆಲ್ಲ ಹೇಳಿ ಬ್ಯಾಟರಿ ಕೊಳ್ಳುವುದುಂಟೆ?

ಹೆಸರು ಹುಟ್ಟುವುದು ಬಳಸುವವರ ಅಗತ್ಯದಿಂದ. ತಂತಿ, ವಿದ್ಯುದ್ದೀಪಗಳು ಹಬ್ಬುತ್ತಿದ್ದ ಕಾಲದಲ್ಲಿ, ೧೮೮೧ರಲ್ಲಿ, ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ಸಮ್ಮೇಳನವು ಓಮ್, ವೋಲ್ಟ್, ಆಂಪೇರ್ ಮೊದಲಾದ ಹೆಸರುಗಳನ್ನು ಒಪ್ಪಿತು. ನಾವಿಕರಿಗೆ ವೇಗದ ಮಾತು ದಿನವೂ ಬೇಕು. ಅವರು ಅದಕ್ಕೂ ‘ನಾಟ್’ ಎಂದು ಹೆಸರಿಟ್ಟುಕೊಂಡರು. ನಿಮ್ಮ ವಿದ್ಯುತ್ ಬಿಲ್ಲಿನ ‘ಯೂನಿಟ್ಟು’ ಕೂಡ ಕಿಲೋವ್ಯಾಟ್-ಗಂಟೆಗೆ ಬಂದ ಬಳಕೆಯ ಹೆಸರೇ.

ಹೆಸರಿಗೆ ಇನ್ನೊಂದು ಕೆಲಸವೂ ಉಂಟು: ಒಂದೇ ರೂಪದ ಎರಡು ಮಾನಗಳನ್ನು ಬೇರೆಮಾಡಿ ತೋರಿಸುವುದು. ರೇಡಿಯೋ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಂಬುದನ್ನು ಹರ್ಟ್ಸ್ ಲೆಕ್ಕದಲ್ಲಿ ಹೇಳುತ್ತೇವೆ. ವಿಕಿರಣಶೀಲ ವಸ್ತುವಿನಲ್ಲಿ ಸೆಕೆಂಡಿಗೆ ಎಷ್ಟು ಪರಮಾಣುಗಳು ಒಡೆಯುತ್ತವೆಂಬುದನ್ನು ಬೆಕ್ವೆರಲ್ ಲೆಕ್ಕದಲ್ಲಿ ಹೇಳುತ್ತೇವೆ. ಎರಡೂ ‘ಸೆಕೆಂಡಿಗೆ ಇಷ್ಟು’ ಎಂಬುದೇ. ೧೯೭೫ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ಬೆಕ್ವೆರಲ್ ಎಂಬ ಹೆಸರನ್ನು ಒಪ್ಪಿದಾಗ, ಚಿಕಿತ್ಸೆಯಲ್ಲಿ ಘೋರ ತಪ್ಪು ನಡೆದೀತೆಂಬ ಭಯವನ್ನೂ ಒಂದು ಕಾರಣವಾಗಿ ಹೇಳಿತು.

ಆ ಭಯ ಹುರುಳಿಲ್ಲದ್ದಲ್ಲ. ಗ್ರೇ, ಸೀವರ್ಟ್ ಎರಡೂ ‘ಕಿಲೋಗ್ರಾಮಿಗೆ ಇಷ್ಟು ಜೂಲ್’ ಎಂಬ ಮಾನಗಳೇ. ಗ್ರೇ ಹೇಳುವುದು ದೇಹ ಹೀರಿದ ವಿಕಿರಣದ ಶಕ್ತಿಯನ್ನು; ಸೀವರ್ಟ್ ಹೇಳುವುದು ಅದರಿಂದ ಒದಗಬಹುದಾದ ಹಾನಿಯನ್ನು. ಎಕ್ಸ್ ಕಿರಣದ ಒಂದು ಗ್ರೇಯನ್ನು ಒಂದು ಸೀವರ್ಟೆಂದು ಎಣಿಸಿದರೆ, ಆಲ್ಫಾ ಕಿರಣದ ಒಂದು ಗ್ರೇಯನ್ನು ೨೦ ಸೀವರ್ಟೆಂದು ಎಣಿಸುತ್ತಾರೆ. ಎರಡನ್ನೂ ಬರಿಯ ಜೂಲ್ ಲೆಕ್ಕದಲ್ಲಿ ಬರೆದಿಟ್ಟರೆ, ಓದಿದವರು ಹೆಚ್ಚು ಅಪಾಯವನ್ನು ಕಡಮೆಯೆಂದು ತಿಳಿದಾರು. ಮನುಷ್ಯರಿಗೆ ಇದರಿಂದ ಕೇಡಾದೀತೆಂದೇ ೧೯೭೯ರಲ್ಲಿ ಸೀವರ್ಟ್ ಎಂಬ ಹೆಸರನ್ನು ಒಪ್ಪಲಾಯಿತು.

ಬಸ್ಸಿನ ವೇಗಕ್ಕೆ ಹೆಸರಿಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಸರಿಯಾದ ಹೆಸರು ಇರಲೇಬೇಕು.