ಡೆಶಾಂ: ಕೊನೆಯ ನಿಮಿಷ ಕಲಿಸಿದ ಪಾಠ



ಫುಟ್‌ಬಾಲ್ ಎಂದ ಕೂಡಲೇ ಗೋಲು ಹೊಡೆದವರ ಹೆಸರು ಬಾಯಿಗೆ ಬರುತ್ತದೆ. ಇವತ್ತು ನಾನು ಹೇಳಹೊರಟಿರುವ ಡಿಡಿಯೆ ಡೆಶಾಂ ಫ್ರಾನ್ಸ್ ಪರ 103 ಪಂದ್ಯ ಆಡಿ ಹೊಡೆದದ್ದು ನಾಲ್ಕೇ ಗೋಲು. ಆದರೂ 1998ರಲ್ಲಿ ನಾಯಕರಾಗಿ, 2018ರಲ್ಲಿ ತರಬೇತುದಾರರಾಗಿ ವಿಶ್ವಕಪ್ ಗೆದ್ದರು. ಹೀಗೆ ಆಟಗಾರನಾಗಿಯೂ ತರಬೇತುದಾರನಾಗಿಯೂ ಗೆದ್ದವರು ಅವರಿಗಿಂತ ಮೊದಲು ಇಬ್ಬರೇ: ಬ್ರೆಜಿಲ್‌ನ ಝಗಾಲೊ, ಜರ್ಮನಿಯ ಬೆಕೆನ್‌ಬಾವರ್.

ಡೆಶಾಂ ಹುಟ್ಟಿದ್ದು 1968ರಲ್ಲಿ, ಫ್ರಾನ್ಸಿನ ನೈಋತ್ಯ ಮೂಲೆಯ ಬಯೋನ್‌ನಲ್ಲಿ. ಅದು ರಗ್ಬಿಯ ಸೀಮೆ. ಹುಡುಗನಾಗಿದ್ದಾಗಲೇ ನಾಂತ್ ಕ್ಲಬ್ಬಿನ ತರಬೇತಿ ಶಾಲೆ ಸೇರಿದರು. ಮುಂದೆ ಮಾರ್ಸೇ ತಂಡಕ್ಕೆ ಹೋಗಿ, 1993ರಲ್ಲಿ 24ನೇ ವಯಸ್ಸಿಗೇ ನಾಯಕರಾಗಿ ಚಾಂಪಿಯನ್ಸ್ ಲೀಗ್ ಗೆದ್ದರು. ಅವರ ಜಾಗ ಡಿಫೆಂಡರ್‌ಗಳ ಮುಂದೆ. ಎದುರಾಳಿಯ ಚೆಂಡು ಕಸಿದು ಹತ್ತಿರದವನಿಗೆ ದಾಟಿಸುವುದು, ಮತ್ತೆ ತನ್ನ ಜಾಗಕ್ಕೆ ಮರಳುವುದು, ಇಷ್ಟೇ ಕೆಲಸ. ಸಹ ಆಟಗಾರನಾಗಿದ್ದ ಕಾಂಟೊನಾ, ಡೆಶಾಂ ಅವರನ್ನು ನೀರು ಹೊರುವವನೆಂದು ಹಂಗಿಸಿದ್ದು ಪ್ರಸಿದ್ಧ. ಆದರೆ ಹಾಗೆ ಹೊರುವವರಿಲ್ಲದೆ 1998ರ ಫೈನಲ್‌ನಲ್ಲಿ ಜಿಡಾನ್ ಅಷ್ಟು ನಿಶ್ಚಿಂತೆಯಿಂದ ಬ್ರೆಜಿಲ್ ಗೋಲಿನತ್ತ ನುಗ್ಗಲು ಆಗುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಡೆಶಾಂ ಅವರನ್ನು ಅರಿಯಲು ಆ ಗೆಲುವಿಗಿಂತ ಒಂದು ಸೋಲು ಮುಖ್ಯ. 1993ರ ನವೆಂಬರ್ 17, ಪ್ಯಾರಿಸ್. ಬಲ್ಗೇರಿಯ ವಿರುದ್ಧ ಡ್ರಾ ಆದರೂ ಸಾಕು, ಫ್ರಾನ್ಸಿಗೆ ಮುಂದಿನ ವರ್ಷದ ವಿಶ್ವಕಪ್‌ನಲ್ಲಿ ಜಾಗ ಖಚಿತ. ಅಂಕ 1–1. ಇನ್ನುಳಿದದ್ದು ಕೆಲವೇ ಸೆಕೆಂಡು. ಎದುರಾಳಿಯ ಮೂಲೆಯ ಬಳಿ ಫ್ರಾನ್ಸಿಗೆ ಫ್ರೀಕಿಕ್ ಸಿಕ್ಕಿತು. ಚೆಂಡನ್ನು ಅಲ್ಲೇ ಹಿಡಿದಿಟ್ಟುಕೊಂಡಿದ್ದರೆ ಪಂದ್ಯ ಮುಗಿಯುತ್ತಿತ್ತು. ಆದರೆ ಫ್ರಾನ್ಸಿನ ಜಿನೊಲಾ ಅದನ್ನು ಅಡ್ಡಕ್ಕೆ ಉದ್ದವಾಗಿ ಹೊಡೆದರು. ಚೆಂಡು ಬಲ್ಗೇರಿಯದ ಪಾಲಾಯಿತು. ಅತ್ತ ಕಡೆಯಿಂದ ಓಡಿಬಂದ ಕೊಸ್ತಾದಿನೊವ್ ಗೋಲು ಹೊಡೆದೇಬಿಟ್ಟರು. ಡೆಶಾಂ ಆಗ ಮೈದಾನದಲ್ಲೇ ಇದ್ದರು. ಅವರ ತಂಡಗಳ ಎಚ್ಚರಿಕೆಯ ಆಟದ ಬೇರು ಆ ರಾತ್ರಿಯಲ್ಲಿದೆ ಎಂಬುದು ನನ್ನ ಅನಿಸಿಕೆ.

ಯುವೆಂಟಸ್, ಚೆಲ್ಸಿ, ವೆಲೆನ್ಸಿಯ ತಂಡಗಳಲ್ಲಿ ಆಡಿ, 2001ರಲ್ಲಿ ಬೂಟು ಕಳಚಿದವರು ಅದೇ ವರ್ಷ ಮೊನಾಕೊ ತಂಡದ ತರಬೇತುದಾರರಾದರು. 2004ರಲ್ಲಿ ಆ ತಂಡ ರಿಯಲ್ ಮ್ಯಾಡ್ರಿಡ್ ತಂಡವನ್ನೂ ದಾಟಿ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿತು. ಹಗರಣದಿಂದ ಎರಡನೇ ದರ್ಜೆಗೆ ಬಿದ್ದಿದ್ದ ಯುವೆಂಟಸ್ ತಂಡವನ್ನು ಒಂದೇ ವರ್ಷದಲ್ಲಿ ಮೇಲೆತ್ತಿದರು. ಮಾರ್ಸೇ ತಂಡಕ್ಕೆ 18 ವರ್ಷಗಳ ನಂತರ ಲೀಗ್ ಪ್ರಶಸ್ತಿ ತಂದುಕೊಟ್ಟರು.

2012ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೆಗಲೇರಿತು. ಮರುವರ್ಷ ನವೆಂಬರ್‌ನಲ್ಲೇ ಮತ್ತೆ ಅದೇ ಸಂಕಟ: ವಿಶ್ವಕಪ್ ಅರ್ಹತೆಗಾಗಿ ಕೀವ್‌ನಲ್ಲಿ ಉಕ್ರೇನ್ ವಿರುದ್ಧ 0–2 ಸೋಲು. ನಾಲ್ಕು ದಿನಗಳ ನಂತರ ತವರಿನ ಎರಡನೇ ಪಂದ್ಯದಲ್ಲಿ ಅವರ ಹುಡುಗರು 3–0ರಿಂದ ಗೆದ್ದು ಅರ್ಹತೆ ಗಳಿಸಿದರು.

2018ರ ಫೈನಲ್‌ನಲ್ಲಿ ಒಂದು ನಿರ್ಧಾರ ನೋಡಿ. ಹಿಂದೆ ಡೆಶಾಂ ಆಡುತ್ತಿದ್ದ ಜಾಗದಲ್ಲೇ ಆಡುತ್ತಿದ್ದ ಕಾಂಟೆ, ಇಡೀ ಟೂರ್ನಿಯಲ್ಲಿ ತಂಡದ ಬೆನ್ನೆಲುಬು. ಅಂದು ಹಳದಿ ಕಾರ್ಡ್ ಪಡೆದು ತಡವರಿಸುತ್ತಿದ್ದರು. 55ನೇ ನಿಮಿಷದಲ್ಲಿ ಡೆಶಾಂ ಕಾಂಟೆಯನ್ನು ಹೊರಗೆ ಕರೆದು ಎನ್ಜೊಂಜಿಯನ್ನು ಇಳಿಸಿದರು. ಮುಂದಿನ ಹತ್ತು ನಿಮಿಷಗಳಲ್ಲಿ ಪೊಗ್ಬಾ, ಎಂಬಾಪೆ ಗೋಲು ಹೊಡೆದರು. ಕ್ರೊಯೇಷಿಯ 4–2ರಿಂದ ಸೋತಿತು. ತನ್ನ ಇಷ್ಟದವನನ್ನು ಅಂಥ ಹೊತ್ತಿನಲ್ಲಿ ಕೂರಿಸಲು ಗಟ್ಟಿ ಎದೆ ಬೇಕು.

ಆಟ ಸಪ್ಪೆ, ಇಷ್ಟೊಂದು ಪ್ರತಿಭೆಯಿದ್ದೂ ಬಿಗಿ ಹಿಡಿಯುತ್ತಾರೆ ಎಂಬ ದೂರಿದೆ. ಅದರಲ್ಲಿ ಸತ್ಯವಿಲ್ಲವೆನ್ನಲಾರೆ, 2016ರ ಯೂರೊ ಫೈನಲ್‌ನಲ್ಲಿ ಆ ಬಿಗಿಗೆ ಫ್ರಾನ್ಸ್ ಬೆಲೆ ತೆತ್ತಿತು. ಆದರೆ ಅವರಿಗೆ ಸಾಹಸ ಗೊತ್ತಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2022ರ ಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಎರಡು ಗೋಲು ಹಿಂದಿದ್ದಾಗ, ವಿರಾಮಕ್ಕೂ ಕಾಯದೆ 41ನೇ ನಿಮಿಷದಲ್ಲಿ ಜಿರೂ, ಡೆಂಬೆಲೆ ಇಬ್ಬರನ್ನೂ ತೆಗೆದರು. ಬದಲಿಗೆ ಬಂದ ಇಬ್ಬರಲ್ಲಿ ಕೊಲೊ ಮುವಾನಿ ಪೆನಾಲ್ಟಿ ಗಳಿಸಿಕೊಟ್ಟರು. ಇನ್ನೊಬ್ಬರಾದ ತುರಾಂ ಕೊಟ್ಟ ಪಾಸ್‌ನಿಂದ ಎಂಬಾಪೆ ಸಮಬಲ ತಂದರು. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು, ನಿಜ. ಡೆಶಾಂ ಬರೀ ಅಂಜುಬುರುಕ ತಂತ್ರಗಾರ ಎನ್ನುವವರು ಆ ಪಂದ್ಯವನ್ನು 41ನೇ ನಿಮಿಷದಿಂದ ಮತ್ತೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.